ಹಿಂದಕ್ಕ ಹೋಗದ ಗಾಡಿ

ಗಾಡಿ ತರೋ ದಿನ ನಾ ಬಾಯಿ ಮುಚ್ಚಿಕೊಂಡು ನಿಂತಿದ್ದರ ನಂದೇನು ಗಂಟು ಹೋಗ್ತಿತ್ತು ಅಂತ ಈಗೂ ಅನಸ್ತೈತಿ. ಆದರ ಈ ಶಿವಲಿಂಗವ್ವ ಬಾಯಿ ಮುಚ್ಚಿದ್ದನ್ನ ಇಳಕಲ್ಲಾಗ ಯಾರೂ ಕಂಡಿಲ್ಲ.

ನನ್ನ ಮಗ ಶಿವಪುತ್ರಗ ಸಣ್ಣಾಂವ ಇದ್ದಾಗ ಪೋಲಿಯೋ ಆಗಿ ಎಡಗಾಲು ಹೋತು. ಕುಣ್ಯಾಗ ಕಾಲು ಇಳಿಬಿಟ್ಟು ಮಗ್ಗ ತುಳಿಯಾಕ ಆಗಂಗಿಲ್ಲಂತ ಸೀರಿ ಅಂಗಡಿ ಹಾಕ್ಯಾನ. ಗಾಡಿ ತರೋ ಹಿಂದಿನ ವರ್ಷ ಸೊಸಿ ಪ್ರೀತಿಗೆ ದಿನಾ ತುಂಬೂಕಿಂತ ಮೊದಲ ಬ್ಯಾನಿ ಬಂತು. ಬಾಡಿಗಿ ಜೀಪು ಹುಡುಕಿ ತರೋದರಾಗ ಎರಡು ತಾಸು. ಬಾಗಲಕೋಟಿ ದವಾಖಾನಿ ಮುಟ್ಟಿದಾಗ ಕೂಸು ಹೊಟ್ಟ್ಯಾಗ ತಣ್ಣಗ ಆಗಿತ್ತು. "ಮುಂದಿನ ಸಲ ಆಪರೇಶನ್ನ ಮಾಡಬೇಕಾಗ್ತೈತಿ. ತಡ ಮಾಡಿದರ ತಾಯಿನೂ ಉಳಿಯಂಗಿಲ್ಲ" ಅಂತ ಡಾಕ್ಟರಬಾಯಿ ಕಡ್ಡಿ ಮುರದಂಗ ಹೇಳಿದ್ರು.

ಅವತ್ತಿನಿಂದ ನನ್ನ ಮಗಗ ಒಂದ ಹಟ. "ಯವ್ವಾ, ಯಾರ ಕಾಲೂ ಹಿಡಿಯಂಗಿಲ್ಲ. ಅಕಿನ್ನ ನಾನ ಕರಕೊಂಡು ಹೋಗ್ತೇನಿ."

ಎಡಗಾಲಿಗೆ ಕಸುವಿಲ್ಲದಾಂವ ಕಾರು ಹೊಡೀಬೇಕಂದ್ರ ಅದಕ್ಕ ಕ್ಲಚ್ ಇರಬಾರದು. ಹುಬ್ಬಳ್ಳಿಗೆ ಹೋಗಿ ಅಂಥಾ ಆಟೋಮ್ಯಾಟಿಕ್ ಗಾಡಿ ಕಲತು, ಲೈಸನ್ಸ್ ಮಾಡಿಸಿಕೊಂಡು ಬಂದ. ಆದರ ಎರಡು ಸಾವಿರದ ಮೂರನೇ ಇಸವಿಯಾಗ ನಮ್ಮ ಕಡೆ ಅಂಥಾದ್ದು ಎಲ್ಲಿ ಸಿಗಬೇಕು? ಹುಡುಕೋದರಾಗ ಪ್ರೀತಿಗೆ ಎಂಟು ತಿಂಗಳು ತುಂಬಿಬಿಟ್ಟವು. ಅಷ್ಟರಾಗ ಹುನಗುಂದದ ಅಹ್ಮದಸಾಬರ ಸುದ್ದಿ ಬಂತು. ಮುಂಬೈದಾಗಿದ್ದಾಗ ತಗೊಂಡ ವಿದೇಶಿ ಗಾಡಿ, ಉದ್ದಕ್ಕ ಬಸ್ಸಿನ ತಮ್ಮನಂಗಿತ್ತು. ಏಳು ಮಕ್ಕಳನ್ನ ತುಂಬಿಕೊಂಡು ತಿರುಗಿದ್ದಂತ. ಈಗ ಮಕ್ಕಳೆಲ್ಲಾ ಬ್ಯಾರೆ ಬ್ಯಾರೆ ಊರಾಗ.

ನಾನೂ ಮಗನೂ ಹುನಗುಂದಕ್ಕ ಹೋದಿವಿ. ಶಿವಪುತ್ರ ಗಾಡಿ ಒಳಗ ಕುಂತು ಗೇರಿನ ಕಡ್ಡಿ ಎಳದ. ಗಾಡಿ ಚೂರು ತಡದು, ಆಮ್ಯಾಲ ಹೊಂಟಿತು. ಅಂವನ ಮಾರಿ ನೋಡಬೇಕಿತ್ತು ನೀವು! ಮೂವತ್ತು ವರ್ಷದಾಗ ಮೊದಲ ಸಲ ನನ್ನ ಮಗ ಯಾರ ಹೆಗಲ ಮ್ಯಾಲೂ ಕೈ ಇಡದ ಬೀದಿ ತುದಿಗೆ ಹೋಗಿ, ಸುತ್ತು ಹಾಕಿ ಬಂದ. ನನಗ ಕಣ್ಣು ತುಂಬಿ ಬಂದವು.

"ಅವ್ವಾರ, ಒಂದು ಮಾತು ಹೇಳಬೇಕು" ಅಂದ್ರು ಅಹ್ಮದಸಾಬರು. "ಗಾಡಿ ಹಿಂದಕ್ಕ..."

"ಏ ಸಾಹೇಬ್ರ, ಬಿಡ್ತು ಅನ್ರಿ!" ಅಂತ ಮುಂದಿನ ಮಾತು ಅಲ್ಲೇ ಕಡದ್ನಿ. ನಮ್ಮ ಮನ್ಯಾಗ ಹೊಸಾ ಗಾಡಿ ತಂದರ ಐದು ದಿನ ಹಿಂದಕ್ಕ ಸರಸಂಗಿಲ್ಲ. ಹಿಂದಕ್ಕ ಹೋದರ ಮನಿತನಾನೂ ಹಿಂದಕ್ಕ ಬೀಳ್ತೈತಂತ ನಮ್ಮಪ್ಪ ಎತ್ತಿನ ಗಾಡಿ ತಂದಾಗಿಂದ ನಡಕೊಂಡು ಬಂದದ್ದು. ಅಹ್ಮದಸಾಬರು ಮತ್ತ ಬಾಯಿ ತಗದ್ರು. ನಾ ಕುಂಕುಮ ಹಚ್ಚಿ, ಕಾಯಿ ಒಡದು, "ಆಮ್ಯಾಲ ಹೇಳ್ರಿ" ಅಂದ್ನಿ. ಪಾಪ, ಅವರು ಶಿವಪುತ್ರನ ಕಡೆ ಬಾಗಿ, "ಮನಿ ಮುಟ್ಟಿದ ಮ್ಯಾಲ ಫೋನ್ ಹಚ್ಚಪಾ" ಅಂದ್ರು.

ನಮ್ಮ ಓಣಿ ಭಾಳ ಸಣ್ಣದು, ತುದಿಗೆ ಬಾವಿ, ಅಲ್ಲಿಂದ ಮುಂದ ದಾರಿ ಇಲ್ಲ, ಗಾಡಿ ಹೊಳ್ಳಸಾಕ ಜಾಗಾನೂ ಇಲ್ಲ. ಗಾಡಿ ಮೂತಿ ಬಾವಿ ಕಡೆ ಮಾಡಿ ಮನಿ ಮುಂದ ನಿಂತಿತು. ಶಿವಪುತ್ರ ಫೋನ್ ಇಟ್ಟು ಬಂದಾಗ ಮಾರಿ ಸುಣ್ಣ ಆಗಿತ್ತು.

"ಯವ್ವಾ, ಇದರ ಹಿಂದಿನ ಗೇರ್ ಸತ್ತೈತಂತ. ಬಾಕ್ಸ್ ಬಿಚ್ಚಿ ರಿಪೇರಿ ಮಾಡಾಕ ಹದಿನೈದು ದಿನಾ ಬೇಕಂತ. ಅದನ್ನ ಹೇಳಾಕ ನೋಡಿದ್ರಂತ, ನೀ ಬಿಡಲಿಲ್ಲ." ಬಾವಿ ಕಡೆ ನೋಡಿ ಅಂದ, "ಈಗ ನಾಕು ಮಂದಿ ಕರದು ಹಿಂದಕ್ಕ ದೂಡಿ, ಮೂತಿ ರಸ್ತೆ ಕಡೆ ಮಾಡಿ ಇಡೋಣು."

ನಾ ಕೇಳಬೇಕಲ್ಲ! "ಐದು ದಿನಾ ಆಗಲಿ. ಅಕಿ ಆಪರೇಶನ್ನಿಗೆ ಇನ್ನೂ ಇಪ್ಪತ್ತು ದಿನ ಐತಿ" ಅಂದ್ನಿ. ಅಂವ ನನ್ನ ಮಾತು ಮೀರಾಂವಲ್ಲ. ಮೀರಿದ್ದರ ಚಲೋ ಇತ್ತು.

ಎರಡು ದಿನ ನನ್ನ ಜೀವ ಜೀವದಾಗ ಇರಲಿಲ್ಲ. ಪ್ರೀತಿ ಸೊಂಟಕ್ಕ ಕೈ ಇಟ್ಟರ ನಾ ಅಡಗಿ ಬಿಟ್ಟು ಓಡಿ ಬರ್ತಿದ್ನಿ. ಅಕಿ "ಅತ್ತೀ" ಅಂತ ನೀರು ಕೇಳಿದರ ಸೈತ ಕೈಯಾಗಿನ ತಂಬಿಗಿ ಬೀಳ್ತಿತ್ತು. ಕಿಟಕಿಯಿಂದ ನೋಡಿದರ ಆ ಗಾಡಿ ಬಾವಿ ನೋಡಕೋತ ನಿಂತಿರ್ತಿತ್ತು. ಆದರೂ ದೂಡ್ರಿ ಅನ್ನಲಿಲ್ಲ ಈ ಸುಡುಗಾಡ ಬಾಯಿ.

ಮೂರನೇ ದಿನ ಮುಂಜಾನಿ ಹತ್ತಕ್ಕ ಪ್ರೀತಿ ಬಾಗಲಾ ಹಿಡಕೊಂಡು ಕುಸದ್ಳು. ಬ್ಯಾನಿ. ಅವತ್ತು ದೊಡ್ಡ ಮುಹೂರ್ತ, ಊರಾಗಿನ ಜೀಪು, ಟ್ರ್ಯಾಕ್ಸು ಎಲ್ಲಾ ಲಗ್ನಕ್ಕ ಹೋಗಿದ್ದವು. ಶಿವಪುತ್ರ ನನ್ನ ಕಡೆ ಒಮ್ಮೆ ನೋಡಿ ಗಾಡಿ ಕೀಲಿ ತಗೊಂಡ. ಎರಡು ಬೈದಿದ್ದರ ತಡಕೋತಿದ್ನಿ.

ನಾ ಓಣ್ಯಾಗ ನಿಂತು ಗಂಟಲು ಹರಿಯೂಹಂಗ ಒದರಿದ್ನಿ, "ಬರ್ರಿಯಪ್ಪೋ! ನನ್ನ ಸೊಸಿನ್ನ ಉಳಸ್ರಿ!"

ಮಗ್ಗದ ಸಪ್ಪಳ ಒಂದೊಂದಾಗಿ ನಿಂತಿತು. ಬಾಜೂ ಮನಿ ಕಳಕಪ್ಪ ಸೀರಿ ಒಡಲಿಗೆ ಸೆರಗಿನ ಎಳಿ ಒಂದೊಂದಾಗಿ ಜೋಡಸಾಕ ಹತ್ತಿದ್ದ. ಆ ಕೆಲಸ ನಡುವ ಬಿಟ್ಟರ ಎಲ್ಲಾ ಎಳಿ ಸಡಲಾಗಿ ಮತ್ತ ಮೊದಲಿಂದ ಮಾಡಬೇಕು. ಹಂಗ ಬಿಟ್ಟು ಓಡಿ ಬಂದ. ಗಂಡಸರು, ಹೆಂಗಸರು, ಇಪ್ಪತ್ತು ಮಂದಿ ಆಗಿರಬೇಕು. ಪ್ರೀತಿನ್ನ ಹಿಂದಿನ ಸೀಟಿನ್ಯಾಗ ಮಲಗಿಸಿ, ಶಿವಪುತ್ರ ಸ್ಟೇರಿಂಗ್ ಹಿಡದ. ನಾ ಸೆರಗು ಬಿಗದು ಗಾಡಿ ಮೂತಿಗೆ ಎದಿ ಹಚ್ಚಿದ್ನಿ. ನಾನ ಹಚ್ಚಿದ ಕುಂಕುಮ ನನ್ನ ಕುಬಸಕ್ಕ ಬಡೀತು.

"ಹಿಂದಕ್ಕ! ಹಿಂದಕ್ಕ ದೂಡ್ರಿ! ಇನ್ನೂ ಹಿಂದಕ್ಕ!" ಅಂತ ಎಲ್ಲಾರಿಗಿಂತ ಜೋರ ಒದರಾಕ ಹತ್ತಿದಾಕಿ ನಾನ.

ಒಬ್ಬರ ಮನಿ ಮುಂದಿನ ಕಟ್ಟಿಗೆ ತಗಲಿತು, ಮತ್ತ ಮುಂದಕ್ಕ ಎಳದಿವಿ, ಮತ್ತ ದೂಡಿದಿವಿ. ಒಳಗ ಪ್ರೀತಿ ಚೀರೂದು ಕೇಳಸ್ತಿತ್ತು. ರಸ್ತೆ ಮುಟ್ಟೋದರಾಗ ಕಾಲು ತಾಸು ಹೋತು. ನಾ ಒಳಗ ಹತ್ತಿ ಅಕಿ ತಲಿ ತೊಡಿ ಮ್ಯಾಲ ಇಟಗೊಂಡ್ನಿ. ಶಿವಪುತ್ರ ಕಡ್ಡಿ ಎಳದ. ಗಾಡಿ ಅಲುಗಲಿಲ್ಲ. "ಹೋಗ ನನ್ನವ್ವಾ, ಹೋಗ" ಅಂದ್ನಿ. ನಡಗಿತು, ತಡೀತು, ಆಮ್ಯಾಲ ಹಿಡೀತು.

ಬಾಗಲಕೋಟಿ ತನಾ ನನ್ನ ಮಗ ಗಾಡಿ ಎಲ್ಲೂ ನಿಲ್ಲಸಲಿಲ್ಲ.

ಹೆಣ್ಣು ಕೂಸು. ತಾಯಿ, ಕೂಸು ಇಬ್ಬರೂ ಉಳದ್ರು. ಡಾಕ್ಟರಬಾಯಿ ಕೈ ಒರಸಿಕೋತ, "ಇನ್ನೊಂದು ಕಾಲು ತಾಸು ತಡ ಆಗಿದ್ದರ ನನ್ನ ಕೈಯಾಗ ಇರಲಿಲ್ಲ" ಅಂದ್ರು. ಕಾಲು ತಾಸು! ನಾ ಅಲ್ಲೇ ನೆಲಕ್ಕ ಕುಂತ್ನಿ. ಶಿವಪುತ್ರ ಬಂದು ನನ್ನ ಬಾಜೂ ಗ್ವಾಡಿಗೆ ಆತು ನಿಂತ.

ಹತ್ತು ದಿನದ ಮ್ಯಾಲ ಮೊಮ್ಮಗಳನ್ನ ಉಡ್ಯಾಗ ಹಾಕ್ಕೊಂಡು ವಾಪಸ್ ಬಂದಿವಿ. ಶಿವಪುತ್ರ ರಸ್ತೆಯಿಂದ ಓಣಿ ಒಳಗ ಗಾಡಿ ಮೂತಿ ತಿರುಗಸಾಕ ಹತ್ತಿದ.

"ನಿಲ್ಲಸು" ಅಂದ್ನಿ. "ಮೂತಿ ರಸ್ತೆ ಕಡೆ ಇರಲಿ."

ಅಂವ ಕನ್ನಡ್ಯಾಗ ನನ್ನ ನೋಡಿದ. "ಯವ್ವಾ, ಕೂಸು ಮೊದಲನೇ ಸಲ ಮನಿಗೆ ಬರಾಕ ಹತ್ತೈತಿ. ಹಿಂದಕ್ಕ ದೂಡಬೇಕಾಗ್ತೈತಿ."

"ಗೊತ್ತೈತಿ ನನಗ" ಅಂದ್ನಿ. ಕೂಸಿನ್ನ ಪ್ರೀತಿ ಕೈಯಾಗ ಕೊಟ್ಟು, ಇಳದು, ಸೆರಗು ಬಿಗದ್ನಿ. "ಕಳಕಪ್ಪನ್ನ ಕರಿ."