ಹದಿನೇಳನೆಯ ಮನೆ

ಮಂಸಾ ಅರಾಬಾಳ ಮಣಿಕಟ್ಟು ಹಿಡಿದು ಶಾಮಿಯಾನದ ಹಿಂದಕ್ಕೆ ಎಳೆದೊಯ್ದಳು. ಅಲ್ಲಿ ಅಡುಗೆಯವರ ಒಲೆಗಳ ಮೇಲೆ ಹುಳಿಬರಿಸಿದ ಮೆಕ್ಕೆಜೋಳದ ಹಿಟ್ಟಿನ ಕೆಂಕಿ ಬೇಯುತ್ತಿತ್ತು; ಅದರ ಹುಳಿವಾಸನೆ ಹೊಗೆಯೊಡನೆ ಬೆರೆತಿತ್ತು. ಆಚೆ ಮಂಸಾಳ ಗಂಡ ಕೊಬಿನಾನ ಶವಪೆಟ್ಟಿಗೆಯ ಸುತ್ತ, ಕೇಪ್ ಕೋಸ್ಟ್ ಪಟ್ಟಣದಾಚೆಯ ಆ ಪುಟ್ಟ ಮೀನುಗಾರರ ಊರಿನ ಅರ್ಧ ಜನ ಶೋಕದ ಕಪ್ಪು, ಕೆಂಪು ಬಟ್ಟೆ ಉಟ್ಟು ಕುಳಿತಿದ್ದರು.

"ಆಫೀಸಿನ ಪರವಾಗಿ ಮೈಕಲ್ಲಿ ನೀನೇ ಮಾತಾಡೋದಂತೆ?"

"ಹೌದಕ್ಕಾ. ಡಾಡ್ಜಿ ಸಾಹೇಬ್ರು ಬರೆದುಕೊಟ್ಟಿದಾರೆ."

"ಅವನ ಕಾಗದ ಒಲೆಗೆ ಹಾಕು. ನಂಗೆಲ್ಲ ಗೊತ್ತು ಅರಾಬಾ. ಕೊಬಿನಾ ಹೇಳಿದ್ದ."

"ಮತ್ತೆ ಎರಡು ವರ್ಷ ಯಾಕೆ ಸುಮ್ಮನಿದ್ದೆ?"

"ಆಣೆ ಹಾಕಿಸಿದ್ದ. ಅವಳೇ ಹೇಳ್ತಾಳೆ, ನೀನು ಬಾಯಿ ಬಿಡಬೇಡ ಅಂತ. ಈಗ ಅವನೇ ಇಲ್ಲ. ಅತ್ತೆ ಮೀನುಪೇಟೆಗೆ ಕಾಲಿಟ್ಟು ಎರಡು ವರ್ಷ ಆಯ್ತು. 'ಆಸ್ಪತ್ರೆ ನೀರು ನಿಲ್ಲಿಸಿದವನ ತಾಯಿ ಬಂದ್ಲು ನೋಡ್ರೇ' ಅಂತ ಒಬ್ಬಳು ಮುಖಕ್ಕೇ ಅಂದಿದ್ಲು. ಇವತ್ತು ಆ ಮುದುಕಿಗೆ ತಿಳಿಯೋ ಹಾಗೆ ಹೇಳು. ನಾನು ಕೇಳೋದು ಅಷ್ಟೇ."

* * *

ಎರಡು ವರ್ಷಗಳ ಹಿಂದೆ, ಊರಿಗೆ ನೀರು ಹಾಯಿಸುವ ಪಂಪುಗಳನ್ನು ನಡೆಸುವ ಯಂತ್ರ ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ಅದರೊಳಗಿನ ಸಿ ಭಾಷೆಯ ಪ್ರೋಗ್ರಾಂ ಬರೆದವರು ಇಬ್ಬರು: ಕೊಬಿನಾ, ಮತ್ತು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ಅರಾಬಾ. ಆಸ್ಪತ್ರೆಗೆ ಮೂರು ದಿನ ನೀರಿರಲಿಲ್ಲ. ಪ್ರೋಗ್ರಾಂ ಸಾಯುವಾಗ ಬಿಟ್ಟುಹೋದ ವರದಿಯ ಮೊದಲ ಸಾಲಿನಲ್ಲಿ ಕೊಬಿನಾ ಬರೆದ ಭಾಗದ ಹೆಸರಿತ್ತು. ಮೇಲಧಿಕಾರಿ ಡಾಡ್ಜಿ ಓದಿದ್ದು ಆ ಒಂದು ಸಾಲು. ಊರಿಗೂ ಅದನ್ನೇ ಹೇಳಿದ. ಕೊಬಿನಾನನ್ನು ಕೆಟ್ಟ ಮೀಟರು ಬಿಚ್ಚುವ ಉಗ್ರಾಣಕ್ಕೆ ಕಳಿಸಿದ.

"ಹೆಣ ಯಾರ ಅಂಗಳದಲ್ಲಿ ಬಿತ್ತೋ ಅವನೇ ಕೊಲೆಗಾರ ಅಂತೆ," ಎಂದು ಕೊಬಿನಾ ನಕ್ಕಿದ್ದ.

ಉಗ್ರಾಣದ ಮೇಜಿನ ಮೇಲೇ ಅಂಥದೊಂದು ಯಂತ್ರವಿಟ್ಟು, ಅದರ ನೆನಪಿನಲ್ಲಿ, ಒಂದೊಂದು ಅಕ್ಷರ ಹಿಡಿಸುವ ಮನೆಗಳ ಸಾಲಿನಲ್ಲಿ, ಕೆಟ್ಟಿದ್ದ ಆ ಒಂದೇ ಒಂದು ಮನೆಗೆ ಅವನು ಕಾವಲು ಹಾಕಿದ. ಅದನ್ನು ಯಾರು ಮುಟ್ಟಿದರೂ ಪ್ರೋಗ್ರಾಂ ಅಲ್ಲೇ ನಿಲ್ಲಬೇಕು. ಒಂಬತ್ತನೆಯ ದಿನ ಮಧ್ಯಾಹ್ನ ನಿಂತಿತು. ಅರಾಬಾಳನ್ನು ಕರೆದ.

ಪರದೆಯ ಮೇಲಿದ್ದದ್ದು ಅವಳು ಬರೆದ ಸಾಲು. ಪಂಪುಮನೆಯ ಹೆಸರಿಗೆಂದು ಅವಳು ಹದಿನಾರು ಮನೆ ಕಾದಿರಿಸಿದ್ದಳು. ಹೊಸ ಪಂಪುಮನೆಯ ಹೆಸರಿಗೇ ಹದಿನಾರು ಅಕ್ಷರ. ಹೆಸರು ಮುಗಿಯಿತೆಂದು ತೋರಿಸುವ ಸೊನ್ನೆ ಹದಿನೇಳನೆಯ ಮನೆಗೆ ಬಿದ್ದಿತ್ತು. ಆ ಮನೆ ಕೊಬಿನಾನ ಭಾಗದ್ದು. ಮುಂದೆ ಯಾವ ಮನೆಗೆ ಹೋಗಬೇಕೆಂದು ಹೇಳಲು ಅಲ್ಲಿದ್ದ ವಿಳಾಸ ಕೆಟ್ಟಿತ್ತು. ಗಂಟೆಗಳು ಕಳೆದ ಮೇಲೆ ಅವನ ಭಾಗ ಆ ವಿಳಾಸವನ್ನು ನಂಬಿ ಹೋಗಿ ಕುಸಿದಿತ್ತು.

"ತಿದ್ದಿ ನಾನೇ ಕಳಿಸ್ತೀನಿ," ಎಂದ. "ತಪ್ಪು ಯಾರದು ಅಂತ ಮಾತ್ರ ನೀನು ಹೇಳು. ನಾನು ಹೇಳಿದ್ರೆ ಚಾಡಿ ಆಗುತ್ತೆ."

"ಹೇಳ್ತೀನಣ್ಣಾ. ಕೆಲಸ ಕಾಯಂ ಆಗ್ಲಿ. ಅವತ್ತೇ ಹೇಳ್ತೀನಿ."

ಕಾಯಂ ಆದ ದಿನ ಅವಳು ಉಗ್ರಾಣದ ದಾರಿ ಬಿಟ್ಟು ಸುತ್ತಿಕೊಂಡು ಹೋದಳು. ಆಮೇಲೆ ಅದೇ ಅಭ್ಯಾಸವಾಯಿತು. ಕೊಬಿನಾ ಮತ್ತೆ ಕೇಳಲಿಲ್ಲ. ಹೋದ ತಿಂಗಳು ಬಿಚ್ಚಿದ ಮೀಟರುಗಳ ನಡುವೆ ತಲೆಯಿಟ್ಟವನು ಏಳಲಿಲ್ಲ. ಊರ ರೂಢಿಯಂತೆ ಹೆಣವನ್ನು ಈ ದಿನದವರೆಗೆ ಶವಾಗಾರದಲ್ಲಿಟ್ಟಿದ್ದರು.

* * *

ಅರಾಬಾ ಮೈಕಿನತ್ತ ನಡೆದಾಗ ಹಿಂದಿನ ಸಾಲಿನಲ್ಲಿ ಇಬ್ಬರು ಮುದುಕರು ಮಾತಾಡಿಕೊಳ್ಳುತ್ತಿದ್ದರು.

"ನೀರು ನಿಲ್ಲಿಸಿದವನ ಹೆಣಕ್ಕೆ ಇಷ್ಟು ಜನಾನಾ?"

"ಜನ ಬಂದಿರೋದು ಹುರಿದ ಮೀನಿಗೆ ಮಾರಾಯ. ನೀನೇನು ಅಳೋಕೆ ಬಂದ್ಯಾ?"

ಮೈಕು ಹಿಡಿದವನು ಕೇಳಿದ: "ಅಕ್ಕಾ, ಫಾಂಟೆನೋ, ಇಂಗ್ಲಿಷೋ?"

ಮುಂದಿನ ಸಾಲಿನಲ್ಲಿ ಡಾಡ್ಜಿ ಕುಳಿತಿದ್ದ. ಅವನ ಪಕ್ಕದಲ್ಲಿ ಕೊಬಿನಾನ ತಾಯಿ ಎಫಿಬಾ, ಕಿವಿಗೆ ಅಂಗೈ ಒಡ್ಡಿಕೊಂಡು. ಅರಾಬಾ ಕಾಗದ ಮಡಚಿದಳು. ಮುದುಕಿಗೆ ಬರುತ್ತಿದ್ದದ್ದು ಊರ ನುಡಿ ಫಾಂಟೆ ಮಾತ್ರ. ಅದರಲ್ಲಾದರೆ ಒಂದೇ ಉಸಿರಿನ ಮಾತು: ನೀರು ನಿಲ್ಲಿಸಿದವಳು ನಾನು, ಅವನಲ್ಲ.

"ಇಂಗ್ಲಿಷು," ಎಂದಳು.

ಹೇಳಿದಳು. ಏನನ್ನೂ ಬಿಡಲಿಲ್ಲ. ಬಫರಿನ ಗಡಿಯಾಚೆ ಒಂದು ಬೈಟ್ ಬರೆಯಲಾಗಿತ್ತು. ಆ ಮಾಡ್ಯೂಲ್ ತನ್ನದು. ವರದಿಯಲ್ಲಿ ಕಂಡ ಪಾಯಿಂಟರ್ ದೋಷದ ಮೂಲವಲ್ಲ. ನಡುವೆ ಅತ್ತಳು. ಕಣ್ಣೀರು ನಿಜವಾದದ್ದೇ. ಡಾಡ್ಜಿ ತಲೆ ತಗ್ಗಿಸಿ ಸ್ವಲ್ಪ ಹೊತ್ತು ತನ್ನ ಬೂಟು ನೋಡಿದ. ಆಮೇಲೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ.

"ಏನಂದ್ಲೋ ಅವಳು?" ಹಿಂದಿನ ಸಾಲಿನ ಮುದುಕರಲ್ಲಿ ಒಬ್ಬ ಕೇಳಿದ.

"ಹೊಗಳಿದ್ಲು, ಇನ್ನೇನು. ಅಳ್ತಾ ಅಳ್ತಾ ಯಾರಾದ್ರೂ ಬೈತಾರಾ?"

ವಾದ್ಯ ಮೊಳಗಿತು. ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಎಫಿಬಾ ಅದರ ಹಿಂದೆ ಹೋಗದೆ, ಜನರನ್ನು ಸರಿಸಿಕೊಂಡು ಅರಾಬಾಳ ಬಳಿ ಬಂದಳು.

"ಅಳಬೇಡ ಮಗಳೇ. ಅವನಿಂದ ನಿಮಗೆಲ್ಲ ಕೆಟ್ಟ ಹೆಸರು ಬಂತು. ಆದ್ರೂ ಬಂದೆ, ಇಷ್ಟು ಜನರ ಮುಂದೆ ಅವನಿಗೋಸ್ಕರ ಒಳ್ಳೇದಾಡಿದೆ. ತಾಯಿ ನಾನು ಕೇಳ್ಕೋತೀನಿ, ಅವನನ್ನ ಕ್ಷಮಿಸಿಬಿಡು."

ಹೇಳುತ್ತಲೇ ಮುದುಕಿ ಅವಳ ಕಾಲಬಳಿ ಮಂಡಿಯೂರಲು ಬಗ್ಗಿದಳು. ಅರಾಬಾ ಅವಳನ್ನು ಎರಡೂ ತೋಳು ಹಿಡಿದು ತಡೆದಳು. ಆ ಭಾರವನ್ನು ಮೇಲೆತ್ತಲೂ ಆಗದೆ, ಕೆಳಗೆ ಬಿಡಲೂ ಆಗದೆ ಬಾಗಿ ನಿಂತಿದ್ದಾಗ, ಆಚೆ ಮಂಸಾ ಗಂಡನ ಪೆಟ್ಟಿಗೆಯನ್ನು ಮುಂದೆ ಹೋಗಲು ಬಿಟ್ಟು, ಖಾಲಿ ಕುರ್ಚಿಗಳ ನಡುವೆ ನಿಂತು ನೋಡುತ್ತಿದ್ದಳು.