ಮೊದಲು ಮನುಷ್ಯ, ಆಮೇಲೆ ನಂಟು

ತಂಗಿ ತನ್ನ ಚೊಚ್ಚಲ ಮಗಳ ಜ್ಞಾನಸ್ನಾನಕ್ಕೆ ಅಣ್ಣನೇ ಜ್ಞಾನತಂದೆಯಾಗಿ ನಿಲ್ಲಬೇಕು ಎಂದಾಗ ತರ್ಕದ ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾಗಿದ್ದರು. ಆದರೆ ಆ ಬೆಳಿಗ್ಗೆ ಚರ್ಚಿನ ಪಕ್ಕದ ಕೋಣೆಯಲ್ಲಿ ಕೂತಾಗ ಅವರಿಗೆ ತೊಡಕು ಕಂಡಿತು. ಜ್ಞಾನತಂದೆಯಾದವರು ಮಗುವಿನ ಪರವಾಗಿ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ತಂದೆಯನ್ನು ನಂಬುತ್ತೀರಾ? ಮಗನನ್ನು? ಪವಿತ್ರಾತ್ಮನನ್ನು? ಮೂವರು, ಆದರೆ ದೇವರು ಒಬ್ಬನೇ. ಕಾಲೇಜಿನಲ್ಲಿ ತರ್ಕ ಹೇಳುವ ಬಾಯಲ್ಲಿ ಇದಕ್ಕೆ ‘ನಂಬುತ್ತೇನೆ’ ಎನ್ನುವುದು ಹೇಗೆ?

“ಫಾದರ್, ನನ್ನ ಕೈಲಿ ಆಗಲ್ಲ.”

ನಿಲುವಂಗಿಯ ಗುಂಡಿಗಳ ಜೊತೆ ಗುದ್ದಾಡುತ್ತಿದ್ದ ಫಾದರ್ ತಲೆಯೆತ್ತಿದರು. “ಯಾವುದು? ಮಗು ಎತ್ಕೊಳ್ಳೋದಾ? ಹೂವಿನಷ್ಟು ಹಗುರ ಇದೆಯಲ್ರೀ!”

“ಮೂರು ಸೇರಿ ಒಂದು ಅನ್ನೋದು.”

ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ತಂಗಿ ಕೆಂಡವಾದಳು. “ಅಣ್ಣಾ, ಇವತ್ತೊಂದಿನ ನಿನ್ನ ತರ್ಕಕ್ಕೆ ರಜೆ ಕೊಡೋ! ಹೊರಗೆ ನನ್ನ ಮೈದುನ ತಲೆ ಬಾಚ್ಕೊಂಡು ಕಾಯ್ತಿದ್ದಾನೆ. ಏನು ಕೇಳಿದ್ರೂ ಹೂಂ ಅಂತಾನೆ.”

ಹೂಂ ಎಂದು ಮರೆಯುವುದರಲ್ಲಿ ಆ ಮೈದುನ ಎತ್ತಿದ ಕೈ. ಮಗು ಅವನ ಪಾಲಾಗುವುದು ಮೇಷ್ಟ್ರಿಗೆ ಬೇಡವಾಗಿತ್ತು.

ಫಾದರ್ ನೀರಿನ ಲೋಟ ತೋರಿಸಿದರು. “ಮಂಜುಗಡ್ಡೆ, ನೀರು, ಆವಿ. ವಸ್ತು ಒಂದೇ, ರೂಪ ಮೂರು. ಸಾಕಾ?”

“ಅದು ಒಬ್ಬನೇ ನಟ ಮೂರು ವೇಷ ಹಾಕಿದಂಗಾಯ್ತು. ಹಾಗಾದ್ರೆ ಮಗ ತಂದೆಗೆ ಅಂತ ಪ್ರಾರ್ಥನೆ ಮಾಡಿದ್ದು ಯಾರಿಗೆ, ಕನ್ನಡಿಗಾ?”

“ಸರಿ, ಒಂದೇ ಮನೆಯ ಮೂವರು ಅಂತಿಟ್ಕೊಳ್ಳಿ. ಒಂದೇ ಮನಸ್ಸು, ಒಂದೇ ಪ್ರೀತಿ.”

“ಎಷ್ಟೇ ಅನ್ಯೋನ್ಯ ಇದ್ರೂ ಮೂವರು ಮೂವರೇ. ಮೂರು ದೇವರಾದ್ರು.”

“ಭೇಷ್!” ಎಂದು ಫಾದರ್ ತೊಡೆ ತಟ್ಟಿದರು. “ಮೂರು ವೇಷ, ಮೂರು ದೇವರು, ಇವೆರಡನ್ನೂ ನಮ್ಮ ಚರ್ಚಿನ ಹಿರಿಯರು ಎಂದೋ ತಳ್ಳಿಹಾಕಿದ್ದಾರೆ. ನೀವು ಅವರ ಪಂಕ್ತಿಯಲ್ಲೇ ಕೂತಿದ್ದೀರಿ.”

“ಮತ್ತೆ ಉಳಿದಿದ್ದೇನು?”

“ನಂಟು. ಪೂರ್ತಿ ತನ್ನನ್ನೇ ಕೊಡೋದೇ ತಂದೆ. ಅದನ್ನು ಪಡೆದು ಮರಳಿ ಒಪ್ಪಿಸೋದೇ ಮಗ. ಅವರಿಬ್ಬರ ಪ್ರೀತಿಯ ಉಸಿರೇ ಆತ್ಮ. ಆ ನಂಟಿನ ಹಿಂದೆ ಬೇರೆ ಯಾರೂ ಅವಿತು ಕೂತಿಲ್ಲ.”

“ಅಲ್ಲೇ ಎಡವಿದ್ರಿ ಫಾದರ್! ಮೊದಲು ಮನುಷ್ಯ ಇರಬೇಕು, ಆಮೇಲೆ ನಂಟು. ನಾನು ಮೊದಲೇ ಇದ್ದೆ, ಈ ತಂಗಿ ಹುಟ್ಟಿದ ಮೇಲೆ ಅಣ್ಣನಾದೆ.”

“ಹಿಡ್ಕೋ ಇವಳನ್ನ,” ಎಂದು ತಂಗಿ ಮಗುವನ್ನು ಅವರ ಮಡಿಲಿಗೆ ಹಾಕಿದಳು. “ಮೈದುನನನ್ನೇ ಕರ್ಕೊಂಡ್ಬರ್ತೀನಿ.” ದಡದಡನೆ ಹೊರಟೇಹೋದಳು.

ಮೇಷ್ಟ್ರು ಮಗುವನ್ನು ನೋಡಿದರು. ಇನ್ನೂ ಹೆಸರಿಲ್ಲ. ಜಾಣೆಯೋ ತುಂಟಿಯೋ ಯಾರಿಗೂ ತಿಳಿಯದು. ಅಭ್ಯಾಸಬಲ, ಮನಸ್ಸಿನಲ್ಲೇ ನಂಟುಗಳನ್ನು ಕಳಚುತ್ತಾ ಹೋದರು. ತನ್ನ ಸೋದರ ಸೊಸೆ ಎಂಬುದನ್ನು ತೆಗೆದರು, ತುಸು ನೋವಾಯಿತು. ಅಜ್ಜಿಯ ಮೊಮ್ಮಗಳು ಎಂಬುದನ್ನೂ ತೆಗೆದರು. ಅಪ್ಪ ಅಮ್ಮನ ಮಗಳು ಎಂಬುದಕ್ಕೆ ಕೈ ಹಾಕಿದರು. ಅದನ್ನು ತೆಗೆದರೆ ಮಡಿಲಲ್ಲಿ ಮಗುವೇ ಉಳಿಯುತ್ತಿರಲಿಲ್ಲ.

“ಫಾದರ್,” ಎಂದರು ಮೆಲ್ಲಗೆ, “ಇವಳು ಮಗಳಾಗದೆ ಒಂದು ಗಳಿಗೆಯೂ ಇದ್ದವಳಲ್ಲ. ಹಾಗೆ ನೋಡಿದ್ರೆ ನಾನೂ ಅಷ್ಟೇ. ಅಣ್ಣನಾಗೋಕೆ ಮುಂಚೆ ಮಗನಾಗೇ ಇದ್ದೆ.”

“ಅರ್ಥ ಆಯ್ತು ಅನ್ನಿ!”

“ಇಲ್ಲ. ನನ್ನ ಒಂದು ತಕರಾರು ಬಿದ್ದುಹೋಯ್ತು, ಅಷ್ಟೇ. ಮೂವರು ಒಬ್ಬ ಹೇಗೆ ಅನ್ನೋದು ಹಾಗೇ ಇದೆ.”

“ನನಗೂ ಹಾಗೇ ಇದೆ,” ಎಂದು ಫಾದರ್ ನಕ್ಕರು. “ನನ್ನ ತಲೆಯೊಳಗೆ ಹಿಡಿಸೋ ದೇವರಾದ್ರೆ ಮಂಡಿಯೂರೋದು ಯಾಕೆ? ನಂಬ್ತೀನಿ ಅಂದ್ರೆ ಒಗಟು ಬಿಡಿಸಿಬಿಟ್ಟೆ ಅಂತಲ್ಲ ಮೇಷ್ಟ್ರೇ, ನನ್ನನ್ನೇ ಒಪ್ಪಿಸ್ಕೊಂಡೆ ಅಂತ.”

ಅಷ್ಟರಲ್ಲಿ ತಂಗಿಯ ಹಿಂದೆ ಮೈದುನ ಬಂದು ಎರಡೂ ಕೈ ಚಾಚಿದ. “ಕೊಡಿ ಮೇಷ್ಟ್ರೇ, ಅತ್ತಿಗೆ ಎಲ್ಲಾ ಹೇಳಿದ್ರು.”

“ನೀನು ಮೇಣದಬತ್ತಿ ಹಿಡ್ಕೊಳಪ್ಪ,” ಎಂದು ಮೇಷ್ಟ್ರು ಮಗುವನ್ನು ಎದೆಗವಚಿಕೊಂಡು ಎದ್ದರು. ತಂಗಿ ಬೆರಗಾಗಿ ದಾರಿ ಬಿಟ್ಟಳು.

ಚರ್ಚಿನೊಳಗೆ ಮೊದಲೆರಡು ಪ್ರಶ್ನೆಗಳಿಗೆ ಅವರು ತರಗತಿಯ ದನಿಯಲ್ಲೇ ಗಟ್ಟಿಯಾಗಿ ಉತ್ತರಿಸಿದರು. ಮೂರನೆಯದಕ್ಕೆ ಮಾತು ಒಂದಿಷ್ಟು ತಡೆಯಿತು.

“ನಂಬುತ್ತೇನೆ,” ಎಂದರು ಮೇಷ್ಟ್ರು, ಹತ್ತಿರದಲ್ಲೇ ನಿಂತವರೊಡನೆ ಆಡುವಷ್ಟು ಮೆಲ್ಲಗೆ. ನೆತ್ತಿಗೆ ನೀರು ಬಿದ್ದದ್ದೇ ತಡ, ಮಗು ಚರ್ಚೇ ಕಿತ್ತುಹೋಗುವ ಹಾಗೆ ಅಳತೊಡಗಿತು.