ಕಾಕು ನಿಲ್ಲಿಸಲು ಮರೆತ ವಿಡಿಯೋ

ಅರ್ಧಕ್ಕೆ ನಿಂತ ಅಪ್‌ಲೋಡಿನ ನೀಲಿ ಗೆರೆ ಇನ್ನೂ ಅಲುಗಿಲ್ಲ, ಲ್ಯಾಪ್‌ಟಾಪಿನ ಮೂಲೆಯಲ್ಲಿ ಅಲ್ಲೇ, ದಾರಿಗಡ್ಡ ಮಲಗಿದ ಎಮ್ಮೆಯ ಹಾಗೆ — ಸಂಜೆಗೆ ನಾಟಕ, ಈಗ ಮಧ್ಯಾಹ್ನ, ಗ್ರೀನ್ ರೂಮಿನ ಫ್ಯಾನ್ ತಿರುಗಿದರೂ ಗಾಳಿಯಿಲ್ಲ, ಬರೀ ನುಸಿಗುಳಿಗೆಯ ವಾಸನೆ, ಅದು ವೇಷಭೂಷಣ ನೋಡಿಕೊಳ್ಳುವ ಕಾಕುವಿನ ಪೆಟ್ಟಿಗೆಯದು, ಇಂಪನಾಗೆ ಈಗೀಗ ಆ ವಾಸನೆಯೆಂದರೇ ನಾಟಕ. ಜಾಗವಿಲ್ಲ ಎನ್ನುತ್ತಿದೆ ಪರದೆ. ಇಡೀ ತಂಡ ಹಂಚಿಕೊಂಡಿರುವ ಡ್ರೈವ್ ತುಂಬಿಹೋಗಿದೆ, ಬೆಳಕಿನ ಕ್ಯೂ, ರಂಗಸಜ್ಜಿಕೆಯ ನಕ್ಷೆ, ಯಾರು ಯಾವ ಕಡೆಯಿಂದ ಬರಬೇಕು ಎಲ್ಲವೂ ಅದರಲ್ಲೇ, ಎಲ್ಲರ ಮೊಬೈಲಿನಲ್ಲೂ ಒಂದೇ ಸಲ ಕಾಣಲಿ ಎಂದು ಇವಳೇ ಹಟ ಹಿಡಿದು ಮಾಡಿಸಿದ್ದು, ಈಗ ಮದುವೆ ದೃಶ್ಯದ ಸನಾದಿಯ ರೆಕಾರ್ಡಿಂಗಿಗೆ ಒಳಗೆ ಜಾಗವಿಲ್ಲ. ಧ್ವನಿ ನೋಡಿಕೊಳ್ಳುವ ಶ್ರೀನಾಥ್ ಪುಣೆಯ ಇನ್ನೊಂದು ತುದಿ, ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ, ಕ್ಯಾಬಿನಿಂದಲೇ ಕಳಿಸುತ್ತಿದ್ದಾನೆ, ಬೇರೆ ದಾರಿಯಲ್ಲಿ ಕಳಿಸಲು ಅದು ದೊಡ್ಡದು, ಫೋನಿನಲ್ಲಿ ಅವನ ದನಿ — ನೋಡು ಇಂಪನಾ, ಫುಲ್ ಆಗಿರೋದು ಕಾಕು ಫೋಲ್ಡರಿಂದ, ಒಂದೊಂದು ವಿಡಿಯೋ ಎಷ್ಟುದ್ದ ಇದೆ, ಎಲ್ಲಾ ಡಿಲೀಟ್ ಮಾಡ್ಬಿಡು, ಆಮೇಲೆ ಅವರಿಗೆ ನೋಡೋಕೆ ಮಾತ್ರ ಪರ್ಮಿಷನ್ ಕೊಡು, ಹಸಿರು ಸೀರೆ ವಿಡಿಯೋ ಹೋಗಿ ನೀಲಿ ಸೀರೆ ಫೋಲ್ಡರಲ್ಲಿ ಕೂತಿರುತ್ತೆ, ಬೇಕಾ ಇದೆಲ್ಲ ನಮಗೆ. ಬೇಡ, ಅವನು ಹೇಳುವುದೂ ಸರಿಯೇ. ನಿನ್ನೆ ತಾಲೀಮಿನಲ್ಲಿ ವಿಧವೆಯ ಪಾತ್ರಕ್ಕೆ ಕಂದು ಶಾಲಿನ ಬದಲು ಕೆಂಪು ಶಾಲು ಬಂದಿತ್ತು.

ಆದರೂ ಬೆರಳು ಮುಂದೆ ಹೋಗುವುದಿಲ್ಲ. ಚನ್ನಬಸವ್ವ ಎಂಬ ಅವರ ಹೆಸರು ಪುಣೆಯ ಈ ಕನ್ನಡ ತಂಡದಲ್ಲಿ ಯಾರ ಬಾಯಿಗೂ ಬರುವುದಿಲ್ಲ, ಮರಾಠಿ ರೂಢಿಯಂತೆ ಎಲ್ಲರಿಗೂ ಕಾಕು, ಅಂದರೆ ಚಿಕ್ಕಮ್ಮ, ಇಂಪನಾ ಹುಟ್ಟುವ ಮೊದಲಿಂದ ವೇಷಭೂಷಣದ ಪೆಟ್ಟಿಗೆ ಅವರದೇ. ತುಮಕೂರಿನಿಂದ ಬಂದು ಖರಾಡಿಯ ಆಫೀಸು ಸೇರಿದ ಹೊಸದರಲ್ಲಿ, ಯಾರೋ ಕರೆದರೆಂದು ತಾಲೀಮಿಗೆ ಬಂದು ಗೋಡೆಗಾತು ನಿಂತವಳನ್ನು ಮೊದಲು ಮಾತಾಡಿಸಿದ್ದು ಕಾಕು, ಹಿಂಡಿ ತಿಂತೀಯೇನವ್ವ, ಅಯ್ಯೋ ದನಕ್ಕೆ ಹಾಕುವುದನ್ನು ನನಗೇಕೆ ಕೊಡುತ್ತಾರೆ ಎಂದು ಇವಳು ಬೆಪ್ಪಾದಳು, ಡಬ್ಬಿ ತೆರೆದರೆ ಗುರೆಳ್ಳು ಚಟ್ನಿಪುಡಿ, ಖಡಕ್ ರೊಟ್ಟಿ, ಮೇಲೆ ಒಂದು ಚಮಚ ಮೊಸರು — ಆ ಊಟದ ಋಣಕ್ಕೇ ಇರಬೇಕು, ರಂಗನಿರ್ವಹಣೆಯ ಕೆಲಸ ಹೆಗಲಿಗೇರಿ ಇವಳಿನ್ನೂ ಇಳಿಸಿಲ್ಲ. ಕಾಕುವಿಗೆ ಡ್ರೈವ್ ಕಲಿಸಿದ್ದೂ ಇವಳೇ. ಬರಿಯಾಕ ಬರೂದಿಲ್ಲ ಅದರಾಗ, ಮಾತಾಡಿ ಹಾಕ್ತೀನಿ, ಅಂದಿದ್ದರು. ಹಾಕಿದರು, ಒಂದೊಂದು ಸೀರೆಗೂ ಒಂದು ವಿಡಿಯೋ, ಉಡುವುದು ಹೇಗೆ, ಯಾವ ಅಂಕಕ್ಕೆ, ಸೆರಗು ಯಾರಿಗೆ ಎಷ್ಟುದ್ದ. ನಿಲ್ಲಿಸುವ ಗುಂಡಿ ಒತ್ತುವುದೊಂದು ನೆನಪಿರುವುದಿಲ್ಲ. ಅಳಿಸುವ ಮೊದಲು ನಿನ್ನೆ ರಾತ್ರಿ ಹಾಕಿದ ಶಾಲಿನದೊಂದನ್ನು ನೋಡಿಬಿಡೋಣ, ಸಂಜೆಗೆ ಬೇಕಲ್ಲ — ಒತ್ತಿದಳು. ಕಾಕುವಿನ ಮುಖ, ಶಾಲು, ಇದು ಎರಡನೇ ಅಂಕಕ್ಕವ್ವ, ಆಮೇಲೆ ಫೋನು ಮೇಜಿನ ಮೇಲೆ ಅಂಗಾತ, ಪರದೆಯ ತುಂಬ ಸೀಲಿಂಗ್ ಫ್ಯಾನ್, ಮುಚ್ಚಬೇಕು ಎನ್ನುವಷ್ಟರಲ್ಲಿ ಅದೇ ದನಿ, ಬೇರೆ ಧಾಟಿಯಲ್ಲಿ. ಏನ್ರಿ, ಇದು ಕೆಂಪ ಅದನೋ ಕಂದ ಅದನೋ ನೋಡ್ರಿ. ಉತ್ತರ ಗಂಡ ಶಿವಪ್ಪನವರದು, ಕೆಂಪ ಅದ, ಕಾಣೂದಿಲ್ಲೇನ ನಿನಗ. ಕಂಡಿದ್ರ ನಿಮ್ಮನ್ನ ಯಾಕ ಕೇಳ್ತಿದ್ದೆ, ಪೊರಿ ಭಾಳ ಬೆಳದದ. ಹಂಗಾರ ಆಪರೇಶನ್ ಮಾಡಿಸ್ಕೋ, ಡಾಕ್ಟರ್ ಹೇಳಿ ಎಷ್ಟ ದಿನ ಆತು. ನಾಟಕ ಮುಗೀಲಿ, ಈಗ ಹೇಳಿದ್ರ ಪೆಟಗಿ ಚಾವಿ ಬ್ಯಾರೆಯವರ ಕೈಗೆ ಹೋಗ್ತದ, ಆ ಇಂಪನಾಗಂತೂ ಗೊತ್ತಾಗಬಾರದು, ನನ್ನ ಕೆಲಸಾನೂ ತಾನೇ ಹೊತಗೊಂಡು ಊಟಾ ಬಿಡ್ತಾಳ, ಮೊದಲ ಒಣಕಟಗಿ ಆಗ್ಯಾಳ, ತಾಯಿ ದೂರ ಅದಾಳ, ಯಾರು ನೋಡಬೇಕು ಅಕೀನ್ನ.

ಫ್ಯಾನ್ ತಿರುಗುತ್ತಲೇ ಇದೆ, ಆ ಫ್ಯಾನೂ ಈ ಫ್ಯಾನೂ, ಇಂಪನಾ ವಿಡಿಯೋ ನಿಲ್ಲಿಸಿದಳು, ಕದ್ದು ಕೇಳಿದ ಹಾಗಾಯಿತಲ್ಲ ಎಂದು ಕೆನ್ನೆ ಬಿಸಿಯಾಯಿತು. ಹಸಿರು ಹೋಗಿ ನೀಲಿಯಲ್ಲಿ ಕೂತದ್ದು ಕಣ್ಣಿನ ಪೊರೆಯಿಂದ, ಆಗ ಎಲ್ಲರೂ ನಕ್ಕರು, ಇವಳೂ ನಕ್ಕಿದ್ದಳು, ನಿನ್ನೆ ಕೆಂಪು ಶಾಲು ಬಂದಾಗ ಕಾಕು ಮಾತ್ರ ನಗದೆ, ವಯಸ್ಸಾತಲ್ಲವ್ವ, ಎಂದು ಶಾಲು ಮಡಚಿದ್ದರು — ಫೋನ್ ಮತ್ತೆ, ಡಿಲೀಟ್ ಆಯ್ತಾ ಎಂದ ಶ್ರೀನಾಥ್, ಆಗ್ತಿದೆ ಅಂದಳು. ಏನನ್ನು? ಸಾಲಾಗಿ ನೋಡುತ್ತ ಹೋದಳು, ಇದು ಬೇಕು, ಇದೂ ಬೇಕು, ಕೊನೆಗೆ ಎಲ್ಲಕ್ಕಿಂತ ಭಾರವಾದದ್ದು ಹೋದ ವರ್ಷದ ನಾಟಕದ ಇಡೀ ರೆಕಾರ್ಡಿಂಗು, ಜ್ವರ ಬಂದ ನಟಿಯ ಬದಲು ಇವಳು ಬಿಂದಿಗೆ ಹಿಡಿದು ರಂಗದ ಮೇಲೆ ದಾಟಿಹೋದದ್ದು, ಒಂದೇ ಒಂದು ಸಲ ಬೆಳಕು ಇವಳ ಮೇಲೆ ಬಿದ್ದದ್ದು, ಊರಿಗೆ ಬಂದಾಗ ತೋರಿಸೇ ಎಂದು ಅಮ್ಮ ಕೇಳಿದ್ದು, ಇನ್ನೂ ತೋರಿಸಿಲ್ಲ. ಬೇರೆ ಪ್ರತಿಯಿಲ್ಲ, ಇಳಿಸಿಕೊಳ್ಳುತ್ತ ಕೂತರೆ ಇಲ್ಲೇ ಸಂಜೆಯಾಗುತ್ತದೆ. ಅಳಿಸಿದಳು. ನೀಲಿ ಗೆರೆ ಅಲುಗಲಿಲ್ಲ, ಹೌದು, ಕಸದ ಬುಟ್ಟಿಯಲ್ಲಿದ್ದರೂ ಅದು ಜಾಗ ಹಿಡಿದೇ ಇರುತ್ತದೆ, ಬುಟ್ಟಿಯನ್ನೂ ಬರಿದು ಮಾಡಬೇಕು, ಶಾಶ್ವತವಾಗಿ ಹೋಗುತ್ತದೆ ಎಂದು ಎಚ್ಚರಿಸಿತು ಪರದೆ, ಹೋಗಲಿ, ಅಮ್ಮನಿಗೆ ಬಾಯಲ್ಲೇ ಹೇಳಿದರಾಯಿತು. ಗೆರೆ ಮೆಲ್ಲಗೆ ತುದಿ ಮುಟ್ಟಿತು. ಕಾಕುವಿನ ಹೆಸರಿನ ಮುಂದಿನ ಅನುಮತಿಯನ್ನು ಇದ್ದ ಹಾಗೆಯೇ ಬಿಟ್ಟಳು.

ಬಾಗಿಲಲ್ಲಿ ಕಾಕು, ಎರಡೂ ಕೈಯಲ್ಲಿ ಬಟ್ಟೆಯ ಗಂಟು, ರಿಕ್ಷಾದವ ಭಾಳ ಸುತ್ತಿಸಿದ್ನವ್ವ. ಇಂಪನಾ ಗಂಟು ಇಸಿದುಕೊಂಡಳು, ಹೇಗೆ ಹೇಳುವುದು, ಹೇಳದೆ ಹೇಗೆ ಇರುವುದು, ಕಾಕು, ನಾಟಕ ಮುಗಿದ ಮೇಲೆ ಕಣ್ಣಿನ ಆಸ್ಪತ್ರೆಗೆ ನಾನೂ ಬರ್ತೀನಿ, ಅಂದುಬಿಟ್ಟಳು. ಕಾಕು ನಿಂತಲ್ಲೇ ನಿಂತರು. ಯಾರ ಹೇಳಿದ್ರು ನಿನಗ. ನೀವೇ ಹೇಳಿದ್ರಿ, ವಿಡಿಯೋ ನಿಲ್ಲಿಸೋದು ಮರೆತಿದ್ರಿ, ಬೇಕು ಅಂತ ಕೇಳಲಿಲ್ಲ ಕಾಕು, ತಪ್ಪಾಯ್ತು. ಹೊರಗೆ ಯಾರೋ ಮರಾಠಿಯಲ್ಲಿ ಚಹಾ ಬೇಕೇ ಎಂದು ಕೂಗಿ ಹೋದರು, ಆಮೇಲೆ ಕಾಕು ಮೆಲ್ಲಗೆ, ಹಂಗಾರ ಒಣಕಟಗಿ ಅಂದದ್ದೂ ಕೇಳೀ ಏನ. ಕೇಳಿದೆ. ಖರೇನ ಅಂದೀನಿ ಬಿಡು. ಇಬ್ಬರಿಗೂ ನಗು ಬಂತು, ಕಾಕುವಿನ ನಗು ಮೊದಲು ನಿಂತಿತು — ಪೆಟಗಿ ಕಸಗೋತೀ ಏನವ್ವ? ಇಲ್ಲ ಕಾಕು, ಸ್ಟೇಜ್ ಪಕ್ಕ ವಿಂಗಿನ ಕತ್ತಲಲ್ಲಿ ನನಗೂ ಏನೂ ಕಾಣಲ್ಲ, ಒಂದೊಂದು ಬಟ್ಟೆಗೂ ದಾರ ಕಟ್ಟಿ ಗಂಟು ಹಾಕೋಣ, ಮೊದಲನೇ ಅಂಕದ್ದಕ್ಕೆ ದಾರದಲ್ಲಿ ಒಂದು ಗಂಟು, ಎರಡನೇದಕ್ಕೆ ಎರಡು, ಬಣ್ಣ ಯಾರಿಗೆ ಬೇಕು. ಕಾಕು ಎದುರು ಕೂತರು, ದಾರ ಇವಳು ಕತ್ತರಿಸಿ ಕೊಟ್ಟಳು, ಗಂಟು ಅವರೇ ಹಾಕಿದರು, ಇವಳು ಹಾಕಿದ್ದ ಒಂದನ್ನು ಬಿಚ್ಚಿ ಮತ್ತೆ ಹಾಕಿದರು, ಇದು ಗಂಟೇನವ್ವ, ಗಾಳಿಗಿ ಬಿಚ್ಚತದ.

ಬಟ್ಟೆಗಳನ್ನೆಲ್ಲ ವಿಂಗಿನ ಹಗ್ಗಕ್ಕೆ ತೂಗುಹಾಕಿದ್ದಾಯಿತು, ಬೆಳಕಿನವರು ಪರೀಕ್ಷೆಗೆಂದು ಎಲ್ಲ ದೀಪ ಆರಿಸಿದರು, ಕತ್ತಲು, ಎರಡನೇ ಅಂಕದ ಶಾಲು ಕೊಡಿ ಕಾಕು, ಎಂದಳು ಇಂಪನಾ, ಸುಮ್ಮನೆ, ನೋಡೋಣವೆಂದು, ತುರ್ತುಬಾಗಿಲ ಮೇಲಿನ ಹಸಿರು ಬೋರ್ಡಿನ ಮಂಕು ಬೆಳಕಿನಲ್ಲಿ ಕಾಕುವಿನ ಕೈ ಹಗ್ಗದುದ್ದಕ್ಕೂ ನಡೆಯಿತು, ಒಂದು ಬಟ್ಟೆ, ಇನ್ನೊಂದು, ನಿಂತಿತು — ಸೋಮವಾರ ಆಸ್ಪತ್ರೆ, ಆಫೀಸಿಗೆ ರಜೆ ಹಾಕಬೇಕು, ಮ್ಯಾನೇಜರಿಗೆ ಏನು ಹೇಳುವುದು, ನಿಂತ ಬೆರಳು, ಅದರಡಿ ಗಂಟು, ಶ್ರೀನಾಥನಿಗೆ ಎಷ್ಟು ಹೇಳುವುದು, ಎಷ್ಟು ಬಿಡುವುದು, ಬೆರಳು, ಎರಡು ಗಂಟಿನ ಮೇಲೆ, ಅಮ್ಮನಿಗೆ ಇವತ್ತೇ ಫೋನ್ — ಬೆರಳು, ಗಂಟಿನ ಮೇಲೆ.